ನಮ್ಮ ಮನೆಯ ಟೀವಿಯಲ್ಲಿ ಫರಂಗೀಸ್

ನಮ್ಮ ಭಾವ ನೊಸ್ರತ್ ಕೆರ್ಮಾನಿನ ದೂರವಾಣಿ ಕಚೇರಿಯಲ್ಲಿ ಬಿಲ್ಲು ಕಟ್ಟಿಸಿಕೊಳ್ಳುವ ಕಿಟಕಿಯ ಹಿಂದೆ ಕೂತೇ ತಲೆ ನರೆಸಿಕೊಂಡವರು. ಕೆಲಸದಲ್ಲಿದ್ದಷ್ಟು ಕಾಲ ಒಂದು ತಂತಿಯನ್ನೂ ಮುಟ್ಟದ ಈ ಮನುಷ್ಯ ನಿವೃತ್ತರಾದ ಮರುದಿನವೇ ಇಂಜಿನಿಯರ್ ಆಗಿಬಿಟ್ಟರು. ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಕೆಡಲಿ, ರೇಡಿಯೋ ಕೆಡಲಿ, ಪಕ್ಕದ ಮನೆಯವರ ಬಾಗಿಲ ಗಂಟೆ ಕೆಡಲಿ, ಸ್ಕ್ರೂಡ್ರೈವರ್ ಹಿಡಿದು ಇವರು ಹಾಜರು. ಬಿಚ್ಚುವುದರಲ್ಲಿ ಅವರ ಕೈ ನಿಜಕ್ಕೂ ಚುರುಕು. ಮತ್ತೆ ಜೋಡಿಸಿದ್ದನ್ನು ಮಾತ್ರ ನಾನು ಈ ಮನೆಗೆ ಬಂದ ಮೇಲೆ ಒಮ್ಮೆಯೂ ಕಂಡಿಲ್ಲ. ಬಿಚ್ಚಿದ್ದೆಲ್ಲ ನೆಲಮಾಳಿಗೆಗೆ ಇಳಿಯುತ್ತಿತ್ತು. ನೆಲಮಾಳಿಗೆಗೆ ದೊಡ್ಡದೊಂದು ಬೀಗ, ಬೀಗದ ಕೈ ಭಾವನ ಜೇಬಿನಲ್ಲಿ.

ನಾನು ಇಶ್ರತ್, ಭಾವನ ಹೆಂಡತಿ ತಲತ್‌ಳ ತಂಗಿ. ಗಂಡ ತೀರಿಕೊಂಡ ಮೇಲೆ ಅಕ್ಕ ಕರೆದಳೆಂದು ಇಲ್ಲಿಗೆ ಬಂದೆ. ಅಡುಗೆಮನೆಯ ಪಕ್ಕದ ಕೋಣೆ ನನ್ನದು. ಸೊಪ್ಪು ಸೋಸುವುದು, ಬೇಳೆ ಆರಿಸುವುದು, ಬೆಳಿಗ್ಗೆ ರೊಟ್ಟಿಯಂಗಡಿಯ ಮುಂದೆ ಸಾಲು ನಿಲ್ಲುವುದು ನನ್ನ ಪಾಲಿನ ಕೆಲಸ. ಯಾರೂ ನನ್ನ ಅಭಿಪ್ರಾಯ ಕೇಳುವುದಿಲ್ಲ. ಕೇಳದಿದ್ದರೆ ನಷ್ಟ ಅವರಿಗೇ ಎಂದುಕೊಂಡು ನಾನೂ ಹಾಯಾಗಿದ್ದೇನೆ.

ನಮ್ಮೂರಿನಲ್ಲಿ ಬೇಸಿಗೆ ಶುರುವಾಯಿತೆಂದು ತಿಳಿಯುವುದು ಗಂಡಸರು ಛಾವಣಿ ಹತ್ತಿ ಕೂಲರಿನ ಹೊದಿಕೆ ಕಿತ್ತಾಗ. ಒಳಗಿನ ಹಳೆಯ ಹುಲ್ಲು ತೆಗೆದು ಹೊಸ ಹುಲ್ಲು ತುಂಬುತ್ತಾರೆ, ನೀರಿನ ಕೊಳಾಯಿ ಬಿಡುತ್ತಾರೆ, ಅಲ್ಲಿಂದ ಹೇಮಂತದವರೆಗೆ ಆ ಡಬ್ಬಿ ಮೇಲೆ ಕೂತು ಗುಂಯ್‌ಗುಡುತ್ತಲೇ ಇರುತ್ತದೆ. ಆ ವರ್ಷ ಭಾವ ಕೂಲರ್ ತೆರೆದ ವಾರವೇ ಟೀವಿ ಕೆಟ್ಟಿತು. ಕೆಟ್ಟಿತೆಂದರೆ ಪೂರ್ತಿ ಕೆಡಲಿಲ್ಲ, ಕೆಟ್ಟಿದ್ದರೆ ಹೊಸದು ತರುತ್ತಿದ್ದರು. ಸುದ್ದಿ ಓದುವವನ ಮುಖ ಇದ್ದಕ್ಕಿದ್ದಂತೆ ಚದುರಂಗದ ಹಾಸಾಗಿ ಒಡೆಯುತ್ತಿತ್ತು. ಕಣ್ಣು ಒಂದು ಚೌಕದಲ್ಲಿ, ಮೂಗು ಇನ್ನೊಂದು ಚೌಕದಲ್ಲಿ. ಮಾತು ಬಿಕ್ಕಳಿಸುತ್ತಿತ್ತು. ಆಮೇಲೆ ಪರದೆಯೆಲ್ಲ ನೀಲಿಯಾಗಿ 'ಸಿಗ್ನಲ್ ಇಲ್ಲ' ಎಂಬ ಬರಹ ಬಂದು ನಿಲ್ಲುತ್ತಿತ್ತು.

ಸರ್ಕಾರ ಕೂಡದೆಂದಿದ್ದರೂ ಬೀದಿಯ ಬಹುಪಾಲು ಮನೆಗಳವರು ಛಾವಣಿಯ ಮೂಲೆಯಲ್ಲಿ ಬಟ್ಟೆ ಮುಚ್ಚಿ ಡಿಶ್ ಇಟ್ಟುಕೊಂಡಿದ್ದಾರೆ. ಭಾವ ಮಾತ್ರ ತಾವು ಸರ್ಕಾರದ ಪಿಂಚಣಿ ತಿನ್ನುವವರು, ಕದ್ದು ನೋಡುವ ಜಾತಿಯಲ್ಲ ಎನ್ನುತ್ತಿದ್ದರು. ಗಾಳಿಯಲ್ಲಿ ಪುಕ್ಕಟೆ ಬರುವುದೇ ಸಾಕು, ಒಳ್ಳೆಯ ಆಂಟೆನಾ ಇದ್ದರೆ ಚಿತ್ರ ಗಾಜಿನ ಹಾಗೆ ಬರುತ್ತದೆ ಎಂದು ಬಂದವರಿಗೆಲ್ಲ ಉಪನ್ಯಾಸ ಕೊಡುತ್ತಿದ್ದರು. ಆದ್ದರಿಂದ ಈ ಚದುರಂಗ ಅವರ ಮರ್ಯಾದೆಯ ಪ್ರಶ್ನೆಯಾಯಿತು.

ಮೊದಲ ಅಪರಾಧಿ ಪ್ರಸಾರದ ಗೋಪುರ. ಅಲ್ಲಿ ಕೆಲಸಗಳ್ಳರು ತುಂಬಿದ್ದಾರೆ ಎಂದರು. ಎರಡನೆಯದು ಬೀದಿಯ ಕೊನೆಯ ಪಾಪ್ಲರ್ ಮರ, ಎಲೆ ಬಿಟ್ಟು ಅಲೆಗಳಿಗೆ ಅಡ್ಡ ನಿಂತಿದೆ ಎಂದರು. ಆಮೇಲೆ ಪಕ್ಕದ ಮನೆಯ ಮೆಹ್ರಂಗೀಜ್ ಖಾನಂ ಒಣಹಾಕುವ ಬೆಡ್‌ಶೀಟುಗಳು. ಆ ಹೆಂಗಸಿನ ಮನೆಯಲ್ಲಿ ಅದೇ ಗೋಪುರದಿಂದ, ಅದೇ ಮರದ ಮೇಲಿನಿಂದ, ಅವೇ ಬೆಡ್‌ಶೀಟುಗಳ ನಡುವಿನಿಂದ ಚಿತ್ರ ಚೆನ್ನಾಗಿಯೇ ಬರುತ್ತಿತ್ತು. ಈ ಮಾತನ್ನು ನಾನು ಆಡಿದಾಗ ಭಾವ, "ಅಲೆಗಳ ವಿಷಯ ನಿನಗೆ ಏನಮ್ಮ ಗೊತ್ತು, ಸೊಪ್ಪು ಸೋಸು" ಅಂದರು. ನಾನು ಸೊಪ್ಪು ಸೋಸಿದೆ.

ಕೊನೆಗೆ ಅಪರಾಧಿ ಮನೆಯೊಳಗೇ ಸಿಕ್ಕಿದಳು. ಸೊಸೆ ಫರಂಗೀಸ್.

ಫರಂಗೀಸ್ ಜಿರೋಫ್ತ್ ಕಡೆಯವಳು. ಅಕ್ಕನಿಗೆ ಇದೊಂದು ನುಂಗಲಾರದ ತುತ್ತು. ಬಿಸಿಲ ಸೀಮೆಯವಳು, ಖರ್ಜೂರ ತಿಂದು ಬೆಳೆದವಳು, ನಗರದ ನಡೆನುಡಿ ತಿಳಿಯದು ಎಂದು ಫೋನಿನಲ್ಲಿ ಯಾರ ಹತ್ತಿರವಾದರೂ ಹೇಳಿಕೊಳ್ಳದೆ ಅಕ್ಕನಿಗೆ ಹೊತ್ತು ಹೋಗುವುದಿಲ್ಲ. ಆದರೆ ಆ ಹುಡುಗಿ ಕೊಲೊಂಪೆ ಮಾಡಿದರೆ ಹುಟ್ಟಾ ಕೆರ್ಮಾನಿನವರೂ ಬೆರಳು ನೆಕ್ಕುತ್ತಾರೆ. ತುಪ್ಪದ ಹಿಟ್ಟಿನೊಳಗೆ ಖರ್ಜೂರ, ಆಕ್ರೋಟು, ಜೀರಿಗೆ ತುಂಬಿ, ಮರದ ಅಚ್ಚೊತ್ತಿ, ಸುಟ್ಟು, ಮೇಲೆ ಪಿಸ್ತಾ ಪುಡಿ ಉದುರಿಸುತ್ತಾಳೆ. ಅಡುಗೆಮನೆಯ ಮೂಲೆಯಲ್ಲಿ ಸಣ್ಣದೊಂದು ಕರೆಂಟಿನ ಒಲೆ ಇಟ್ಟುಕೊಂಡು ಮದುವೆ ಮನೆಗಳಿಗೆ, ಹಬ್ಬಗಳಿಗೆ ಮಾಡಿಕೊಡುತ್ತಿದ್ದಳು. ಬೇಡಿಕೆ ಹೆಚ್ಚುತ್ತಿತ್ತು, ಒಲೆ ಸಾಲುತ್ತಿರಲಿಲ್ಲ. ನೆಲಮಾಳಿಗೆಗೆ ಓಣಿಯ ಕಡೆಯಿಂದ ಬೇರೆಯೇ ಬಾಗಿಲಿದೆ, ಅದನ್ನು ಬಿಟ್ಟುಕೊಟ್ಟರೆ ದೊಡ್ಡ ಒಲೆ ಹಾಕಿ ಅಲ್ಲೇ ಕೆಲಸ ಮಾಡುತ್ತೇನೆ ಎಂದು ಒಂದು ವರ್ಷದಿಂದ ಕೇಳುತ್ತಿದ್ದಳು. ಅವಳಿಗೆ ಬೇಕಿದ್ದದ್ದು ಅಷ್ಟೇ, ನಾಲ್ಕು ಗೋಡೆಯ ಒಂದು ಜಾಗ.

ಭಾವ ಒಂದು ಮಧ್ಯಾಹ್ನ ಸುದ್ದಿಯ ನಡುವೆ ಎದ್ದು ಬಂದು ಆ ಒಲೆಯನ್ನು ದಿಟ್ಟಿಸಿ ನೋಡಿದರು. ಟೀವಿ ಒಡೆಯುತ್ತಿರುವುದು ಇದು ಉರಿಯುವಾಗಲೇ ಎಂದು ತೀರ್ಪು ಕೊಟ್ಟರು. ಒಲೆ ಅಲೆಗಳನ್ನು ತಿನ್ನುತ್ತಿದೆಯಂತೆ. ಉರಿಯದಿರುವಾಗಲೂ ಒಡೆಯುತ್ತದಲ್ಲ ಮಾವ ಎಂದು ಫರಂಗೀಸ್ ಮೆತ್ತಗೆ ಹೇಳಿದಳು. ಆರಿದ ಮೇಲೂ ಅದರ ಪ್ರಭಾವ ಸ್ವಲ್ಪ ಹೊತ್ತು ಗಾಳಿಯಲ್ಲಿ ಉಳಿದಿರುತ್ತದೆ ಎಂದರು ನಮ್ಮ ಇಂಜಿನಿಯರ್ ಸಾಹೇಬರು. ಅಂದಿನಿಂದ ಮಧ್ಯಾಹ್ನದ ಸುದ್ದಿಯಿಂದ ಸಂಜೆಯ ಧಾರಾವಾಹಿ ಮುಗಿಯುವವರೆಗೆ ಒಲೆ ಹಚ್ಚಬಾರದೆಂದು ಕಟ್ಟಪ್ಪಣೆಯಾಯಿತು. ಹುಡುಗಿ ನಸುಕಿಗೆ ಎದ್ದು, ಎಲ್ಲರೂ ಚಹಾಕ್ಕೆ ಏಳುವ ಮೊದಲೇ ಸುಟ್ಟು ಮುಗಿಸತೊಡಗಿದಳು. ಟೀವಿ ಮೊದಲಿನ ಹಾಗೆಯೇ ಒಡೆಯುತ್ತಿತ್ತು. ಒಲೆಯ ಮೇಲಿನ ಅಪ್ಪಣೆಯೂ ಹಾಗೆಯೇ ಉಳಿಯಿತು.

ಅವಳ ಗಂಡ, ಅಂದರೆ ನನ್ನ ಅಕ್ಕನ ಮಗ ಕಿಯೂಮರ್ಸ್, ಪಿಸ್ತಾ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಾನೆ. ಇವನ ಸ್ವಭಾವ ಹೇಳಬೇಕೆಂದರೆ, ಊಟಕ್ಕೆ ಕೂತಾಗ ಅಪ್ಪ ಉಪ್ಪು ಜಾಸ್ತಿ ಎಂದರೆ ಜಾಸ್ತಿ ಎನ್ನುತ್ತಾನೆ, ಅಮ್ಮ ಕಡಿಮೆ ಎಂದರೆ ಹೌದು ಸ್ವಲ್ಪ ಕಡಿಮೆ ಎನ್ನುತ್ತಾನೆ. ನೆಲಮಾಳಿಗೆಯ ಮಾತು ಬಂದಾಗ ಹೆಂಡತಿ ಅವನ ಮುಖ ನೋಡುತ್ತಿದ್ದಳು. ಅವನು ತಟ್ಟೆಯ ಮುಖ ನೋಡುತ್ತಿದ್ದ. ಕೋಣೆಯಲ್ಲಿ ಮಾತ್ರ, 'ನಾನಿದೀನಲ್ಲ, ಹೇಳ್ತೀನಿ ಬಿಡು' ಎಂದು ಸಮಾಧಾನ ಮಾಡುತ್ತಿದ್ದನಂತೆ. ಅವಳು ಅದನ್ನು ನಂಬುತ್ತಿದ್ದಳು, ಅದೇ ನನಗೆ ಸಂಕಟ.

ಹೀಗಿರುವಾಗ ನಮ್ಮ ಪ್ರಾಂತ್ಯದ ಟೀವಿಯವರು ಫೋನ್ ಮಾಡಿದರು. ಅವರದೊಂದು ಬೆಳಗಿನ ಕಾರ್ಯಕ್ರಮವಿದೆ, ಮನೆಯ ಹೆಂಗಸರನ್ನು ಕರೆಸಿ ಅಡುಗೆ ಮಾಡಿಸಿ ನೇರವಾಗಿ ತೋರಿಸುತ್ತಾರೆ. ಫರಂಗೀಸ್ ಯಾವಾಗಲೋ ತನ್ನ ಕೊಲೊಂಪೆಯ ಫೋಟೋ ಕಳಿಸಿದ್ದಳಂತೆ. ಬರುವ ತಿಂಗಳ ಮಂಗಳವಾರವೊಂದನ್ನು ಗೊತ್ತುಮಾಡಿ ಅವಳನ್ನು ಕರೆದಿದ್ದರು.

ಅಕ್ಕನ ನಾಲಿಗೆ ಆ ಸಂಜೆಯೇ ತಿರುಗಿತು. ಜಿರೋಫ್ತಿನ ಹುಡುಗಿ 'ನಮ್ಮ ಸೊಸೆ' ಆದಳು. ಕೆರ್ಮಾನಿನಲ್ಲಿ ಫೋನ್ ಇರುವವರಿಗೆಲ್ಲ ಸುದ್ದಿ ಹೋಯಿತು. ಕೊಲೊಂಪೆಯ ಹದ ತಾನೇ ಕಲಿಸಿದ್ದು, ಅವಳಿಗೇನು ಬರುತ್ತಿತ್ತು ಎಂದು ಅಕ್ಕ ಹೇಳುವುದು ಗೋಡೆಯಾಚೆ ನನಗೆ ಕೇಳುತ್ತಿತ್ತು. ಅಕ್ಕ ಮಾಡಿದ ಕೊಲೊಂಪೆ ನಾನು ತಿಂದಿದ್ದೇನೆ. ಅದನ್ನು ಚಹಾದಲ್ಲಿ ನೆನೆಸಿಟ್ಟು ಮುಖ ತೊಳೆದು ಬರಬಹುದು, ಅಷ್ಟು ಗಟ್ಟಿ.

ಆ ರಾತ್ರಿಯ ಊಟದಲ್ಲಿ ಆಬ್‌ಗೂಷ್ತ್ ಸಾರಿನ ಕಡಲೆ, ಮಾಂಸ ಜಜ್ಜುತ್ತ ಫರಂಗೀಸ್ ನೆಲಮಾಳಿಗೆಯ ಮಾತು ಮತ್ತೆ ಎತ್ತಿದಳು. ಟೀವಿಯಲ್ಲಿ ಬಂದರೆ ಬೇಡಿಕೆ ಇನ್ನೂ ಹೆಚ್ಚುತ್ತದೆ, ಅಡುಗೆಮನೆಯಲ್ಲಿ ಆಗುವುದಿಲ್ಲ ಎಂದಳು. ಮನೆ ಮರ್ಯಾದೆ ಏನಾಗಬೇಕು, ಓಣಿಯಲ್ಲಿ ಬಾಗಿಲು ತೆರೆದು ಸೊಸೆ ತಿಂಡಿ ಮಾರುವುದೇ ಎಂದು ಅಕ್ಕ ಕೇಳಿದಳು. ತಮ್ಮ ಸಾಮಾನುಗಳನ್ನು ಎಲ್ಲಿಡುವುದು ಎಂದು ಭಾವ ಕೇಳಿದರು. ಸಾಮಾನು ಎಂದರೆ ಹೊಟ್ಟೆ ಬಗೆದ ಟೀವಿಗಳು, ಸತ್ತ ರೇಡಿಯೋಗಳು, ತಂತಿಯ ಗಂಟುಗಳು.

"ನೀವೇ ಒಂದು ಮಾತು ಹೇಳಿ ಮಾವ, ಏನು ಮಾಡಿದ್ರೆ ಕೊಡ್ತೀರಿ?" ಅಂದಳು ಹುಡುಗಿ.

ಭಾವ ಈರುಳ್ಳಿ ಕಚ್ಚಿ ಯೋಚಿಸಿದರು. "ಮೊದಲು ಟೀವಿಯಲ್ಲಿ ನಿನ್ನ ನೋಡ್ತೀನಿ. ನಮ್ಮ ಮನೆ ಹೆಸರು ಉಳಿಸೋ ಹಾಗೆ ಮಾಡಿದ್ಯೋ, ಬೀಗದ ಕೈ ನಿನ್ನ ಕೈಗೆ. ನನ್ನ ಕಣ್ಣಾರೆ ನೋಡಬೇಕು, ಅಷ್ಟೆ."

ಎಲ್ಲರ ಎದುರಿಗೆ ಆಡಿದ ಮಾತು. ಕಿಯೂಮರ್ಸ್ ಸುಲಭವಾಗಿ ಪಾರಾದೆನೆಂದು ಉಸಿರುಬಿಟ್ಟ.

ಕಣ್ಣಾರೆ ನೋಡಲು ಟೀವಿ ಬರಬೇಕಲ್ಲ. ಅಲ್ಲಿಂದ ಮುಂದಿನ ವಾರಗಳಲ್ಲಿ ಈ ಮನೆಯಲ್ಲಿ ನಡೆದದ್ದನ್ನು ನೆನೆದರೆ ನನಗೆ ಈಗಲೂ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಭಾವ ಪೇಟೆಗೆ ಹೋಗಿ ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ತಂದರು. ಟೀವಿಯ ಪರದೆಯಲ್ಲಿ ಎರಡು ಪಟ್ಟಿಗಳನ್ನು ಕಾಣಿಸಬಹುದು. ಒಂದು ಸಿಗ್ನಲಿನ ಬಲ ತೋರಿಸುತ್ತದೆ, ಇನ್ನೊಂದು ಅದರ ಗುಣಮಟ್ಟ. ಬೂಸ್ಟರ್ ಹಾಕಿದ ಮೇಲೆ ಬಲದ ಪಟ್ಟಿ ತುದಿ ಮುಟ್ಟಿತು, ಗುಣಮಟ್ಟದ ಪಟ್ಟಿ ಇದ್ದದ್ದೂ ಕುಸಿಯಿತು. ಮೊದಲು ಒಡೆದ ಮುಖವಾದರೂ ಕಾಣುತ್ತಿತ್ತು, ಈಗ ಬರೀ ನೀಲಿ. ಭಾವನಿಗೆ ಬಲ ಕಂಡರೆ ಸಾಕು. ಗುಣಮಟ್ಟ ಕ್ರಮೇಣ ಬರುತ್ತದೆ, ಅದಕ್ಕೆ ಅಭ್ಯಾಸವಾಗಬೇಕು ಎಂದರು. ಗೋಪುರ ಇಲ್ಲೇ ಹತ್ತಿರ ಇದೆಯಲ್ಲ ಮಾವ, ಕಿವಿ ಹತ್ತಿರ ಕಿರುಚಿದರೆ ಮಾತು ತಿಳಿಯೋದಿಲ್ಲ, ಹಾಗಿರಬಹುದೇ ಎಂದು ಫರಂಗೀಸ್ ಕೇಳಿದಳು. ಅದಕ್ಕೆ ಸಿಕ್ಕ ಉತ್ತರ, ಚಹಾ ತಣ್ಣಗಾಗಿದೆ, ಬೇರೆ ತಾ.

ಆಮೇಲೆ ಆಂಟೆನಾದ ಕೋಲನ್ನು ಎತ್ತರಿಸಿದರು. ತಂತಿ ಸಾಲದೆ ಬಂತು. ಹೊಸ ತಂತಿ ತರುವ ಬದಲು ನೆಲಮಾಳಿಗೆಯಿಂದ ಹಳೆಯ ತುಂಡೊಂದನ್ನು ತಂದು, ಎರಡನ್ನೂ ಜಡೆ ಹೆಣೆದ ಹಾಗೆ ಹೊಸೆದು, ಮೇಲೆ ಕಪ್ಪು ಟೇಪು ಸುತ್ತಿದರು. ಕೂಲರ್ ತೆರೆದಾಗಲೂ ಅಡ್ಡ ಬರುತ್ತದೆಂದು ತಂತಿ ಕತ್ತರಿಸಿ ಇಂಥದೇ ಒಂದು ಜಡೆ ಹಾಕಿದ್ದರು. ಜನವೆಲ್ಲ ಇಂಥ ಕಡೆ ಬಿಗಿಯಾಗಿ ತಿರುಗಿಸುವ ಪಿನ್ ಹಾಕುತ್ತಾರೆ. ಅದು ಗೊತ್ತಿಲ್ಲದವರು ಮಾಡುವ ಕೆಲಸವಂತೆ.

ನಾನೊಂದು ದಿನ ಕೂಲರ್ ತೆರೆದ ವಾರದಿಂದಲೇ ಇದು ಶುರುವಾಗಿದ್ದು, ಸ್ವಲ್ಪ ಅದನ್ನು ಆರಿಸಿ ನೋಡಿ ಎಂದೆ. ಭಾವ ಒಂದು ಗಂಟೆ ಆರಿಸಿದರು. ಮನೆಯವರೆಲ್ಲ ಬೆವರಿನಲ್ಲಿ ತೊಯ್ದು ನನ್ನನ್ನು ಶಪಿಸಿದರು. ಚಿತ್ರ ಬರಲಿಲ್ಲ. "ಕಂಡ್ಯಾ?" ಎಂದು ಭಾವ ನನ್ನ ಕಡೆ ನೋಡಿದ ನೋಟದಲ್ಲಿ, ಒಬ್ಬ ಹೆಂಗಸಿನ ತಪ್ಪು ಹಿಡಿದ ಸುಖ ತುಂಬಿ ತುಳುಕುತ್ತಿತ್ತು.

ಅಕ್ಕನಿಗೆ ಧಾರಾವಾಹಿ ತಪ್ಪಿ ಸಿಟ್ಟು ನೆತ್ತಿಗೇರಿತ್ತು. ಗಂಡನನ್ನು ಬೈಯುವ ಧೈರ್ಯವಿಲ್ಲದೆ ಸೊಸೆಯ ಮೇಲೆ ಹರಿಹಾಯುತ್ತಿದ್ದಳು. ಅನ್ನ ಮೆತ್ತಗಾಯಿತು, ಉಪ್ಪಿನಕಾಯಿಗೆ ಬೂಷ್ಟು ಬಂತು, ನಿನ್ನ ಹಿಟ್ಟಿನ ಧೂಳು ಟೀವಿಯೊಳಗೆ ಹೋಗಿದೆ. ನಾನೂ ತಡೆಯಲಾರದೆ, ಮಂಗಳವಾರ ಮೆಹ್ರಂಗೀಜ್ ಖಾನಂ ಮನೆಗೆ ಹೋಗಿ ನೋಡಿದರಾಯಿತು, ಅವರೇ ಬನ್ನಿ ಎಂದು ಕರೆದಿದ್ದಾರೆ ಎಂದೆ.

"ನನ್ನ ಸೊಸೇನ ನೋಡೋದಕ್ಕೆ ನಾನು ಇನ್ನೊಬ್ಬರ ಮನೆ ಬಾಗಿಲು ತಟ್ಟಬೇಕಾ?" ಅಂದರು ಭಾವ. "ನಾಳೆ ಆಕೆ ಬೀದೀಲೆಲ್ಲ ಏನಂತಾಳೆ, ನೊಸ್ರತ್ ಮನೇಲಿ ಟೀವಿ ಬರಲ್ಲ ಅಂತಾಳೆ."

ಬೀದಿಗೆಲ್ಲ ಅದು ಆಗಲೇ ಗೊತ್ತಿತ್ತು. ಅವರು ಛಾವಣಿಯಿಂದ ಕಿರುಚುವುದು ಮಸೀದಿಯವರೆಗೆ ಕೇಳುತ್ತಿತ್ತು.

ಮಂಗಳವಾರ ಬಂತು. ಫರಂಗೀಸ್ ಹಿಟ್ಟು, ಹೂರಣ, ಅಚ್ಚು, ಮಾಡಿಟ್ಟ ಒಂದು ಬುಟ್ಟಿ ಕೊಲೊಂಪೆ ಎಲ್ಲ ಜೋಡಿಸಿಕೊಂಡು ಬೆಳಿಗ್ಗೆಯೇ ಟ್ಯಾಕ್ಸಿಯಲ್ಲಿ ಹೋದಳು. ಹೊಸ ಕೇಸರಿ ಸ್ಕಾರ್ಫ್ ಕಟ್ಟಿದ್ದಳು. ಬಾಗಿಲಲ್ಲಿ ಕಿಯೂಮರ್ಸ್‌ಗೆ, ಬಿಡುವು ಸಿಕ್ಕರೆ ನೋಡು, ಸಿಗದಿದ್ದರೆ ಪರವಾಗಿಲ್ಲ ಎಂದಳು. ಅವತ್ತು ಗೋದಾಮಿನಲ್ಲಿ ಲಾರಿ ತುಂಬಿಸುವ ದಿನ, ಕಷ್ಟ ಎಂದು ಅವನೇ ಹೇಳಿದ್ದ.

ಗಂಡ ಹೆಂಡತಿ ಇಬ್ಬರೂ ಹೋದ ಮೇಲೆ ಭಾವ ನನ್ನನ್ನು ಛಾವಣಿ ಹತ್ತಿಸಿದರು. ಆಂಟೆನಾದ ಕೋಲು ಹಿಡಿದು ಅವರು ಹೇಳಿದತ್ತ ತಿರುಗಿಸುವುದು ನನ್ನ ಕೆಲಸ. ಕೆಳಗಿನಿಂದ ಮೆಟ್ಟಿಲ ದಾರಿಯಲ್ಲಿ ಅಪ್ಪಣೆ ಬರುತ್ತಿತ್ತು. ಎಡಕ್ಕೆ, ಇನ್ನೂ ಎಡಕ್ಕೆ, ಅಯ್ಯೋ ಅಷ್ಟಲ್ಲ, ಬಲಕ್ಕೆ. ಬಿಸಿಲು ತಲೆಯ ಮೇಲೆ ಕೂತಿತ್ತು. ಕೋಲು ಕಾದು ಅಂಗೈ ಸುಡುತ್ತಿತ್ತು, ಹೊದ್ದಿದ್ದ ಚಾದರದ ತುದಿ ಸುತ್ತಿ ಹಿಡಿದೆ. ಆಗ ಕಣ್ಣಿಗೆ ಬಿತ್ತು. ಕೂಲರಿನ ಬುಡದ ತೊಟ್ಟಿ ತೂತಾಗಿತ್ತು. ಅಲ್ಲಿಂದ ನೀರು ತೊಟ್ಟಿಕ್ಕಿ, ಭಾವ ಮೊದಲು ಹೆಣೆದ ಆ ಜಡೆಯ ಮೇಲೇ ಬೀಳುತ್ತಿತ್ತು. ಟೇಪು ಬಿಟ್ಟುಕೊಂಡು, ಒಳಗಿನ ತಾಮ್ರ ಹಸಿರುಗಟ್ಟಿ, ತಂತಿ ನೀರು ಕುಡಿದು ಊದಿಕೊಂಡಿತ್ತು. ಒಂದು ಗಂಟೆ ಕೂಲರ್ ಆರಿಸಿದರೆ ಇದು ಒಣಗುತ್ತದೆಯೇ? ಗೋಪುರವನ್ನು ಬೈದರು, ಮರವನ್ನು ಬೈದರು, ಆ ಹುಡುಗಿಯ ಒಲೆ ಆರಿಸಿದರು. ತೊಟ್ಟಿಕ್ಕುತ್ತಿದ್ದದ್ದು ಅವರ ಕೈಕೆಲಸದ ಮೇಲೆ.

ನಾನು ಕೆಳಗೆ ಕೂಗಿ ಹೇಳಿದೆ. "ನೀನು ಕೋಲು ಹಿಡ್ಕೊಂಡಿರು, ಮಾತಾಡಿದ್ರೆ ಅಲುಗುತ್ತೆ" ಎಂದು ಉತ್ತರ ಬಂತು.

ಅದೇ ಹೊತ್ತಿಗೆ ಮೆಹ್ರಂಗೀಜ್ ಖಾನಂ ಬಟ್ಟೆಯ ಬುಟ್ಟಿ ಹೊತ್ತು ಪಕ್ಕದ ಛಾವಣಿಗೆ ಬಂದರು. ಗಿಡ್ಡ ಗೋಡೆಯ ಆಚೆಯಿಂದ ನನ್ನ ಅವತಾರ ನೋಡಿ ಪಾಪ ನಗಲಿಲ್ಲ.

"ಇಶ್ರತ್ ಖಾನಂ, ಇಳಿದುಹೋಗಿ, ಬಿಸಿಲಿಗೆ ಬೀಳ್ತೀರಿ. ಇವತ್ತು ನಿಮ್ಮ ಹುಡುಗಿ ಬರಲ್ಲ. ಯಾವುದೋ ಅಣೆಕಟ್ಟು ಉದ್ಘಾಟನೆಯಂತೆ, ಬೆಳಿಗ್ಗೆಯಿಂದ ಭಾಷಣ. ಬೆಳಗಿನ ಕಾರ್ಯಕ್ರಮ ಇವತ್ತಿಲ್ಲ ಅಂತ ಆಗಲೇ ಹೇಳಿಬಿಟ್ಟರು."

ಕೋಲು ಬಿಟ್ಟು ಕೆಳಗಿಳಿದೆ. ಟೀವಿಯಲ್ಲಿ ಅದೇ ನೀಲಿ. ಭಾವ ಬನಿಯನ್ನಿನಲ್ಲಿ ಪರದೆಯ ಮುಂದೆ ಮಂಡಿಯೂರಿ ಕೂತಿದ್ದರು. ಅಕ್ಕ ಬೀಸಣಿಗೆ ಬೀಸಿಕೊಳ್ಳುತ್ತ ಅಳುಮುಖ ಮಾಡಿದ್ದಳು. ಕಾರ್ಯಕ್ರಮದ ಹೊತ್ತು ಮುಗಿದಿತ್ತು. ಭಾವ, ಒಂದು ಮಾತು ಎಂದೆ. ಯಾಕೆ ಕೋಲು ಬಿಟ್ಟೆ, ಈಗ ತಾನೇ ಬರುತ್ತಿತ್ತು ಎಂದು ನನ್ನ ಮೇಲೆ ರೇಗಿದರು. ಅಕ್ಕನ ಕಡೆ ತಿರುಗಿದೆ. ಅಕ್ಕ ಕೈ ಎತ್ತಿ ತಡೆದಳು.

"ನೋಡಿ, ಅವಳು ಬಂದ ಮೇಲೆ ಯಾರೂ ನೋಡಲಿಲ್ಲ ಅನ್ನಬೇಡಿ. ಮನಸ್ಸಿಗೆ ನೋವು ಮಾಡ್ಕೋತಾಳೆ. ನೋಡಿದ್ವಿ, ಚೆನ್ನಾಗಿತ್ತು ಅಂದ್ರೆ ನಮ್ಮ ಗಂಟೇನು ಹೋಗುತ್ತೆ?"

ಸೊಸೆಯ ಮನಸ್ಸಿನ ಮೇಲೆ ಅಕ್ಕನಿಗೆ ಅಷ್ಟು ಕಾಳಜಿ ಹುಟ್ಟಿದ್ದು ಅದೇ ಮೊದಲು. ನಿಜ ಏನೆಂದರೆ, ಊರಿಗೆಲ್ಲ ಫೋನ್ ಮಾಡಿ ನೋಡಿ ಎಂದವಳು ತಾನೇ ನೋಡಲಿಲ್ಲ ಎನ್ನುವುದು ಹೇಗೆ? ಭಾವನಿಗೂ ಆಂಟೆನಾ ಸೋತಿತೆಂದು ಒಪ್ಪಿಕೊಳ್ಳುವುದಕ್ಕಿಂತ ಸುಳ್ಳು ಹಗುರವಾಗಿತ್ತು. ನಮ್ಮ ಜನಕ್ಕೆ ಇದು ಸುಳ್ಳೆಂದೂ ಅನಿಸುವುದಿಲ್ಲ. ಎದುರಿನವರಿಗೆ ಹಿತವಾದದ್ದನ್ನು ಹೇಳುವುದು ಸಭ್ಯತೆ, ಹೇಳದವನು ಕಾಡುಮನುಷ್ಯ. ನಾನು ಮತ್ತೊಮ್ಮೆ ಬಾಯಿ ತೆರೆದೆ. ನೀನು ಸುಮ್ಮನಿರು, ಹಾಳು ಮಾಡಬೇಡ ಎಂದರು ಇಬ್ಬರೂ. ಸರಿ, ಸುಮ್ಮನಾದೆ. ಒಳಗೆ ಹೋಗಿ ಮುಖಕ್ಕೆ ತಣ್ಣೀರು ಹಾಕಿಕೊಂಡು, ಚಹಾ ಮಾಡಿಕೊಂಡು, ಸಕ್ಕರೆಯ ಗಟ್ಟಿಯೊಂದನ್ನು ಬಾಯಿಗಿಟ್ಟುಕೊಂಡು ಬಾಗಿಲಿಗೆ ಎದುರಾಗಿ ಕೂತೆ. ಮನೆಯಲ್ಲಿ ಇಂಥ ತಮಾಷೆ ದಿನಾ ಸಿಗುವುದಿಲ್ಲ.

ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಫರಂಗೀಸ್ ಬಂದಳು. ಮುಖ ಬಾಡಿತ್ತು, ಸ್ಕಾರ್ಫ್ ಹಿಂದಕ್ಕೆ ಜಾರಿತ್ತು, ಕೈಯಲ್ಲಿ ಖಾಲಿ ಬುಟ್ಟಿ. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಕ್ಕ ಕೆಂಡದ ಮೇಲೆ ದೃಷ್ಟಿ ತೆಗೆಯುವ ಕಾಳು ಹಾಕಿಕೊಂಡು ಓಡಿಬಂದು ಅವಳ ತಲೆಯ ಸುತ್ತ ಹೊಗೆ ನಿವಾಳಿಸಿದಳು. ಕೆಟ್ಟ ಕಣ್ಣು ಕುರುಡಾಗಲಿ, ನನ್ನ ಪ್ರಾಣ ನಿನಗೆ ನಿವಾಳಿಯಾಗಲಿ, ಎಷ್ಟು ಚೆಂದ ಕಾಣುತ್ತಿದ್ದೆ ಎಂದು ಎರಡೂ ಕೆನ್ನೆಗೆ ಮುತ್ತಿಟ್ಟಳು. ಆ ಕೇಸರಿ ಬಣ್ಣ ಟೀವಿಯಲ್ಲಿ ಹೂವಿನ ಹಾಗೆ ಕಂಡಿತಂತೆ. ಭಾವ ಶರ್ಟು ಹಾಕಿಕೊಂಡು ಗಂಭೀರವಾಗಿ ಎದ್ದು ನಿಂತು, ಚಿತ್ರ ಗಾಜಿನ ಹಾಗೆ ಬಂದಿತ್ತು ಮಗಳೇ, ನಿನ್ನ ಕೈಗೆ ನೋವಾಗದಿರಲಿ ಎಂದು ಹರಸಿದರು.

ಹುಡುಗಿ ಹೊಗೆಯ ನಡುವೆ ಕೆಮ್ಮುತ್ತ ಒಬ್ಬೊಬ್ಬರ ಮುಖ ನೋಡಿದಳು. ಕೊನೆಗೆ ನನ್ನ ಕಡೆ ನೋಡಿದಳು. ನಾನು ಚಹಾ ಹೀರಿದೆ, ಹುಬ್ಬು ಮಾತ್ರ ತುಸು ಮೇಲೆತ್ತಿದೆ. ಅವಳಿಗೆ ಅಷ್ಟು ಸಾಕಾಯಿತು. ಬುಟ್ಟಿ ಕೆಳಗಿಟ್ಟು ಗೋಡೆಗೆ ಒರಗಿ ಕೂತಳು.

"ಅಚ್ಚೊತ್ತೋದು ಸರಿಯಾಗಿ ತೋರಿಸಿದ್ರಾ ಮಾವ?"

"ಹತ್ತಿರದಿಂದ ತೋರಿಸಿದ್ರು. ಒಂದೊಂದು ಗೆರೆ ಕಾಣ್ತಿತ್ತು."

"ಅಲ್ಲಿ ಒಬ್ಬರು ತಿಂದು ನೋಡಿದ್ರಲ್ಲ ಅತ್ತೆ, ಏನಂದ್ರು? ನನಗೆ ಗಾಬರೀಲಿ ಕೇಳಿಸಲೇ ಇಲ್ಲ."

"ಏನನ್ನೋದು, ಕಣ್ಣು ಮುಚ್ಚಿಕೊಂಡುಬಿಟ್ಟ. ಇಂಥದ್ದು ನಮ್ಮಮ್ಮನ ಕೈಯಲ್ಲೂ ತಿಂದಿಲ್ಲ ಅಂದ."

ಅಕ್ಕನಿಗೆ ಹುರುಪು ಬಂದಿತ್ತು. ಅತ್ತೆಯಿಂದ ಕಲಿತೆ ಎಂದು ನೀನು ಹೇಳಿದ್ದು ಕೇಳಿ ಕಣ್ಣೀರು ಬಂತು ಎಂದೂ ಸೇರಿಸಿದಳು. ಹುಡುಗಿ ತಲೆಯಾಡಿಸಿದಳು. ಆಮೇಲೆ ಎದ್ದು, ಸ್ಕಾರ್ಫ್ ಸರಿಮಾಡಿಕೊಂಡು, ಮಾವನ ಮುಂದೆ ಬಂದು ನಿಂತಳು.

"ಮನೆ ಹೆಸರು ಉಳಿಸಿದ್ನಾ ಮಾವ?"

"ಉಳಿಸೋದೇನು, ಬೆಳಗಿಸಿಬಿಟ್ಟೆ."

"ನಿಮ್ಮ ಕಣ್ಣಾರೆ ನೋಡಿದ್ರಿ."

"ಈ ಎರಡು ಕಣ್ಣಾರೆ."

"ಹಾಗಾದ್ರೆ ಬೀಗದ ಕೈ ಕೊಡಿ ಮಾವ."

ಭಾವನ ಮುಖದ ಮೇಲಿನ ನಗು ಅಲ್ಲೇ ಸಿಕ್ಕಿಕೊಂಡಿತು. ಅಕ್ಕ ಹೊಗೆಯ ತಟ್ಟೆ ಹಿಡಿದುಕೊಂಡೇ ಗಂಡನನ್ನು ನೋಡಿದಳು. ಅಷ್ಟೇನು ಚೆನ್ನಾಗಿರಲಿಲ್ಲ ಎನ್ನಲು ಈಗ ಬಾಯಿಲ್ಲ, ನೋಡಲಿಲ್ಲ ಎನ್ನಲು ಮುಖವಿಲ್ಲ. ಅವಸರವೇನಿದೆ ಎಂದರು. ಅವಸರವಿಲ್ಲ ಮಾವ, ಮಾತು ಕೊಟ್ಟಿದ್ದಿರಿ ಎಂದಳು. ಭಾವ ಒಮ್ಮೆ ಕೆಮ್ಮಿದರು. ಮನೆಯೇ ನಿನ್ನದು, ನೆಲಮಾಳಿಗೆ ಯಾವ ಲೆಕ್ಕ, ನಮ್ಮ ತಲೆಯ ಮೇಲೆ ಇಟ್ಟುಕೋ ಒಲೆಯನ್ನು ಎಂದು ಸಭ್ಯತೆಯ ಮಾತುಗಳನ್ನೆಲ್ಲ ಒಂದಾದ ಮೇಲೊಂದು ಆಡಿದರು. ಎದುರಿನವರು ಇಂಥ ಮಾತಿಗೆ, ಅಯ್ಯೋ ಬೇಡ ಬೇಡ ಎನ್ನಬೇಕು, ಅದು ಕ್ರಮ. ಫರಂಗೀಸ್ ಬೇಡ ಎನ್ನಲಿಲ್ಲ. ಕೈ ಚಾಚಿ ನಿಂತಳು. ಭಾವ ಜೇಬಿನಿಂದ ಬೀಗದ ಕೈ ತೆಗೆದುಕೊಟ್ಟರು. ಅದು ಅವಳ ಕೈ ಸೇರಿದ್ದನ್ನು ನೋಡಿ ನನ್ನ ಅಂಗೈಯ ಉರಿ ತಣ್ಣಗಾಯಿತು.

ಅಡುಗೆಮನೆಯಲ್ಲಿ ಅನ್ನಕ್ಕೆ ಇಡುವಾಗ ಅವಳು ನನಗೆ ನಡೆದದ್ದು ಹೇಳಿದಳು. ಬಂದ ಹೆಂಗಸರನ್ನೆಲ್ಲ ಒಂದು ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಟ್ಟಿದ್ದರಂತೆ. ಅಣೆಕಟ್ಟಿನ ಭಾಷಣ ಮುಗಿಯುತ್ತದೆಂದು ಕಾದು ಕಾದು, ಮಾಡಿ ತಂದಿದ್ದ ಕೊಲೊಂಪೆಯನ್ನು ಅಲ್ಲಿಯ ಕೆಲಸದವರು ತಿಂದು ಮುಗಿಸಿ, ಮುಂದಿನ ಮಂಗಳವಾರ ಬನ್ನಿ ಎಂದು ಕಳಿಸಿದರಂತೆ.

"ಟೀವಿ ಬರಲಿಲ್ಲಮ್ಮ, ನೋಡೋಕಾಗಲಿಲ್ಲ ಅಂತ ಅಂದಿದ್ರೆ ನಾನೇನು ಅವರನ್ನ ತಿಂದುಬಿಡ್ತಿದ್ನಾ ಚಿಕ್ಕಮ್ಮ?" ಎಂದಳು. ಕಣ್ಣು ತುಂಬಿತ್ತು. ಬೀಗದ ಕೈ ಸಿಕ್ಕಿತಲ್ಲ, ಅಳುವುದೇಕೆ ಎಂದೆ. ಕಣ್ಣೊರೆಸಿಕೊಂಡು, ಕಿಯೂಮರ್ಸ್ ಬರುವವರೆಗೆ ಯಾರಿಗೂ ಹೇಳಬೇಡಿ, ಅವನು ಬಂದು ಲಾರಿಯ ಗಲಾಟೆಯಲ್ಲಿ ನೋಡಲಾಗಲಿಲ್ಲ ಎನ್ನುತ್ತಾನೆ, ಆಗ ಇವರ ಮುಖ ನೋಡಬೇಕು ಎಂದು ನಕ್ಕಳು. ನಾನು ಬೆಂಕಿ ಸಣ್ಣ ಮಾಡಿದೆ.

ಸಂಜೆ ಕಿಯೂಮರ್ಸ್ ಬಂದ. ನೆಲದ ಮೇಲೆ ಊಟದ ಬಟ್ಟೆ ಸೋಫ್ರೆ ಹಾಸಿತ್ತು, ಮೊಸರು, ಸೊಪ್ಪು, ರೊಟ್ಟಿ ಇಟ್ಟಿತ್ತು. ಬಾಗಿಲಲ್ಲೇ ಅವನ ಅಮ್ಮ ಎದುರುಗೊಂಡು, ನೋಡಿದೆಯಾ, ನಾವೆಲ್ಲ ನೋಡಿದೆವು ಎಂದಳು. ಅವನು ಒಂದು ಕ್ಷಣ ಅಮ್ಮನ ಮುಖ ನೋಡಿದ, ಅಪ್ಪನ ಮುಖ ನೋಡಿದ. ಉಪ್ಪು ಜಾಸ್ತಿಯೋ ಕಡಿಮೆಯೋ ಎಂದು ತಿಳಿದುಕೊಂಡ.

"ನೋಡದೆ ಇರ್ತೀನಾ? ಲಾರಿ ನಿಲ್ಲಿಸಿ ಗೋದಾಮಿನವರೆಲ್ಲ ನೋಡಿದ್ವಿ. ಯಜಮಾನರೂ ಬಂದು ಕೂತರು." ಹೆಂಡತಿಯ ಪಕ್ಕ ಕೂತು ದನಿ ಇಳಿಸಿದ. "ಒಂದು ಸಲ ನೀನು ನೆಟ್ಟಗೆ ಕ್ಯಾಮೆರಾ ಕಡೆ ನೋಡಿದ್ಯಲ್ಲ, ನನ್ನೇ ನೋಡಿದ ಹಾಗಿತ್ತು."

ಫರಂಗೀಸ್ ಪಾತ್ರೆ ಬಾಗಿಸಿ ಅನ್ನ ತಟ್ಟೆಗೆ ಹಾಕುತ್ತಿದ್ದಳು. ಕೈ ನಿಂತಿತು.

"ಯಾವಾಗ ನೋಡ್ದೆ?"

"ಕೊನೇಲಿ. ಎಲ್ಲ ಮುಗಿದ ಮೇಲೆ."

ಅವಳು ಪಾತ್ರೆ ಕೆಳಗಿಟ್ಟು ಅವನ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳಿದಳು.

"ಇವತ್ತು ಕಾರ್ಯಕ್ರಮ ಆಗಲಿಲ್ಲ. ಅಣೆಕಟ್ಟು ತೋರಿಸಿದ್ರು. ನಾನು ಪಡಸಾಲೇಲಿ ಚಹಾ ಕುಡ್ಕೊಂಡು ಕೂತಿದ್ದೆ."

ಅಕ್ಕ ಸೊಪ್ಪಿನ ಕಡ್ಡಿಗಳನ್ನು ಎಣಿಸುವವಳಂತೆ ಆರಿಸತೊಡಗಿದಳು. ಭಾವ ಗಂಟಲು ಸರಿಮಾಡಿಕೊಂಡು, ಕೆಲವು ಸಲ ಬೇರೆ ಊರಿನ ಅಲೆಗಳು ತೇಲಿ ಬಂದು ಬೇರೆ ಯಾರದೋ ಚಿತ್ರ ಮೂಡುವುದುಂಟು ಎಂದು ಶುರುಮಾಡಿ, ನನ್ನ ಮುಖ ಕಂಡು ಅರ್ಧಕ್ಕೆ ನಿಲ್ಲಿಸಿದರು. ಬೀಗದ ಕೈಯನ್ನು ಹಿಂದಕ್ಕೆ ಕೇಳಲಿಲ್ಲ. ಕೇಳಬೇಕಾದರೆ ಮೊದಲು 'ನಾನು ಸುಳ್ಳು ಹೇಳಿದೆ' ಎನ್ನಬೇಕಿತ್ತು. ಆ ವಾಕ್ಯ ಅವರ ಬಾಯಲ್ಲಿ ಹುಟ್ಟುವುದಿಲ್ಲ.

ಕಿಯೂಮರ್ಸ್ ಕೆಂಪಾಗಿದ್ದ. ಹೆಂಡತಿಯ ತೋಳು ಮುಟ್ಟಲು ಹೋದ. ಅವಳು ತೋಳು ಎಳೆದುಕೊಳ್ಳಲಿಲ್ಲ, ಕೆಲಸವಿದ್ದವಳಂತೆ ಆಚೆ ಬಾಗಿದಳು. ಪಾತ್ರೆಯ ತಳದಲ್ಲಿ ಚಿನ್ನದ ಬಣ್ಣಕ್ಕೆ ಹುರಿದು ಹಿಡಿದ ಗರಿಗರಿ ಅನ್ನ ಮದುವೆಯಾದ ಲಾಗಾಯ್ತಿನಿಂದ ಅವನ ಪಾಲು. ಅವಳು ಅದನ್ನು ಸೌಟಿನಿಂದ ಬಿಡಿಸಿ, ಇಡಿಯಾಗಿ ಎತ್ತಿ, ನನ್ನ ತಟ್ಟೆಗೆ ಹಾಕಿದಳು. ಕಿಯೂಮರ್ಸ್ ತನ್ನ ತಟ್ಟೆಯನ್ನು ಚಾಚಿಕೊಂಡೇ ಕೂತಿದ್ದ.